ಬೆನ್ನು ಬಗ್ಗಿಸುವ ಮುನ್ನ

ಪಾವಗಡ ತಾಲೂಕಿನ ಕ್ಯಾತಗಾನಚೆರ್ಲಿನಲ್ಲಿ ಸೂರ್ಯನಿಗೆ ಮುಖ ಮಾಡಿ ನಿಲ್ಲುವುದು ಹೊಸ ಸಂಗತಿಯಲ್ಲ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಈ ಐದು ಊರುಗಳ ಸುಮಾರು 13,000 ಎಕರೆಯಲ್ಲಿ ಸೌರಫಲಕಗಳು ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಮಾಡುತ್ತಿವೆ. 2018ರ ಮಾರ್ಚ್ 1ರಂದು ‘ಶಕ್ತಿ ಸ್ಥಳ’ ಎಂಬ ಹೆಸರಿನಲ್ಲಿ ಉದ್ಘಾಟನೆಯಾದ ಈ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಜಮೀನು ಮಾರಿದ್ದಲ್ಲ, ಗುತ್ತಿಗೆಗೆ ಕೊಟ್ಟದ್ದು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ. ಕಡಲೆಕಾಯಿ ಬಿತ್ತಿ ಮೋಡ ಎಣಿಸುತ್ತಿದ್ದ ರೈತ ಈಗ ಪಾಸ್‌ಬುಕ್ ನೋಡುತ್ತಾನೆ. ಜಮೀನೇ ಇಲ್ಲದೆ ಕಳೆ ಕೀಳುವ ಕೂಲಿಯಲ್ಲಿ, ಕುರಿ ಮೇಯಿಸುವುದರಲ್ಲಿ ಬದುಕಿದ್ದವರು ಏನು ನೋಡಬೇಕು ಎಂಬುದು ಬೇರೆ ಪ್ರಶ್ನೆ. ಅದನ್ನು ಇನ್ನೊಂದು ದಿನ ಎತ್ತಿಕೊಳ್ಳೋಣ.

ಇವತ್ತಿನ ಮಾತು ಬೆನ್ನಿನದು. ಬಗ್ಗಿ ಕೆಲಸ ಮಾಡುತ್ತಿದ್ದ ಬೆನ್ನುಗಳಿಗೆ ಕೆಲಸ ಕಡಿಮೆಯಾದಾಗ ಊರಿಗೆ ಶುಗರ್ ಬರುತ್ತದೆ, ಬಿಪಿ ಬರುತ್ತದೆ, ಅವುಗಳ ಹಿಂದೆಯೇ ಯೋಗವೂ ಬರುತ್ತದೆ. ಬರಲಿ, ಅದು ಒಳ್ಳೆಯದೇ. ಶಾಲೆಯ ಅಂಗಳದಲ್ಲಿ ಜೂನ್ 21ರ ಬೆಳಿಗ್ಗೆ ಮಕ್ಕಳು ಸಾಲಾಗಿ ಕೈಯೆತ್ತಿ ನಿಂತಿರುತ್ತಾರೆ. 2014ರ ಡಿಸೆಂಬರ್ 11ರಂದು ವಿಶ್ವಸಂಸ್ಥೆ ಆ ದಿನವನ್ನು ಅಂತರರಾಷ್ಟ್ರೀಯ ಯೋಗ ದಿನವೆಂದು ಒಪ್ಪಿಕೊಂಡ ಮೇಲೆ ಪಾವಗಡ, ಮಧುಗಿರಿ, ಶಿರಾ, ಕೊರಟಗೆರೆ ಕಡೆಯ ಶಾಲೆಗಳಲ್ಲೂ ಅದು ಸ್ವಾತಂತ್ರ್ಯ ದಿನದ ಹಾಗೆ ಕ್ಯಾಲೆಂಡರಿನಲ್ಲಿ ಕೂತಿದೆ. ಆಯುಷ್ ಇಲಾಖೆಯ ಆರೋಗ್ಯ ಕೇಂದ್ರಗಳಿಗೆ ಅರೆಕಾಲಿಕ ಯೋಗ ಶಿಕ್ಷಕರನ್ನು ನೇಮಿಸುವ ವ್ಯವಸ್ಥೆ ಬಂದಿದೆ. ಇವರಲ್ಲದೆ, ಮೊಬೈಲಿನಲ್ಲಿ ಕಲಿತು, ಸರ್ಟಿಫಿಕೇಟ್ ಹಿಡಿದು, ಊರೂರಿಗೆ ಶಿಬಿರ ಮಾಡಲು ಹೊರಟವರೂ ಇದ್ದಾರೆ.

ಇಷ್ಟೆಲ್ಲ ಬರುತ್ತಿರುವಾಗ ಒಂದು ಮಾತ್ರ ಹಿಂದೆ ಉಳಿದುಬಿಟ್ಟಿದೆ ಎಂಬುದು ನಮ್ಮ ಆತಂಕ. ಪತಂಜಲಿ ಹೇಳಿದ್ದು ಎಂಟು ಅಂಗ. ಆಸನ ಅದರಲ್ಲಿ ಮೂರನೆಯದು. ಅದಕ್ಕಿಂತ ಮುಂಚೆ ಎರಡಿವೆ: ಯಮ, ನಿಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹ ಎಂಬ ಐದು ಯಮ. ಶೌಚ, ಸಂತೋಷ, ತಪಸ್ಸು, ಸ್ವಾಧ್ಯಾಯ, ಈಶ್ವರ ಪ್ರಣಿಧಾನ ಎಂಬ ಐದು ನಿಯಮ. ನಮ್ಮೂರಿಗೆ ಬರುತ್ತಿರುವ ಯೋಗ ಮೂರನೆಯ ಮೆಟ್ಟಿಲಿನಿಂದಲೇ ಶುರುವಾಗುತ್ತಿದೆ. ಮೊದಲೆರಡು ಮೆಟ್ಟಿಲು ಗೋಡೆಯ ಮೇಲಿನ ಚಾರ್ಟಿನಲ್ಲಿವೆ. ಮಕ್ಕಳು ಬಾಯಿಪಾಠ ಮಾಡಿ ಒಪ್ಪಿಸುತ್ತಾರೆ, ಶಿಕ್ಷಕರ ಪರೀಕ್ಷೆಯಲ್ಲಿ ಅವು ಎರಡಂಕದ ಪ್ರಶ್ನೆ.

ಇಲ್ಲಿ ಏನೋ ಅನಾಹುತ ಆಗಿಹೋಗಿದೆ ಎಂದು ನಾವು ಹೇಳುತ್ತಿಲ್ಲ, ಯಾವ ಊರಿನ, ಯಾವ ಶಿಕ್ಷಕರ ಮೇಲೂ ದೂರು ಹೊರಿಸುತ್ತಿಲ್ಲ. ಮಣ್ಣಿನ ಮಾಳಿಗೆ ಮನೆಯಲ್ಲಿ ಬೆಳೆದವರಿಗೆ ಗೊತ್ತಿರುತ್ತದೆ, ಮಾಳಿಗೆಗೆ ಮಣ್ಣು ಹಾಕಿ ಧಮ್ಮಸ್ಸು ಬಡಿಯುವುದು ಬೇಸಿಗೆಯಲ್ಲಿ. ಸೋರಲು ಶುರುವಾದ ಮೇಲೆ ಪಾತ್ರೆ ಹಿಡಿಯಬಹುದು, ಅಷ್ಟೆ.

ಅಹಿಂಸೆಯನ್ನು ನಮ್ಮ ನೀರಿನಿಂದಲೇ ಶುರು ಮಾಡೋಣ. ಪಾವಗಡ ತಾಲೂಕಿನ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇದೆಯೆಂಬುದು ಇಲ್ಲಿನ ಮಗುವಿಗೂ ಗೊತ್ತು, ಹಲ್ಲು ನೋಡಿದರೇ ಸಾಕು. ಲೀಟರಿಗೆ ಒಂದೂವರೆ ಮಿಲಿಗ್ರಾಂ ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಮ್ಮಲ್ಲಿ ಎಷ್ಟೋ ಬೋರ್‌ವೆಲ್‌ಗಳು ಅದನ್ನು ಮೀರಿದವು. ಫಿಲ್ಟರ್ ನೀರಿನ ಘಟಕಗಳು ಬಂದಿವೆ, ತುಂಗಭದ್ರಾ ಹಿನ್ನೀರಿನ ಯೋಜನೆಯೂ ಬಂದಿದೆ. ಆದರೆ ಇವತ್ತು ಅರವತ್ತು ದಾಟಿದವರು ಕುಡಿದು ಬೆಳೆದದ್ದು ಆ ಹಳೆಯ ನೀರನ್ನೇ. ಹಲ್ಲು ಕಂದಾಗುವುದು ಕಣ್ಣಿಗೆ ಕಾಣುವ ಭಾಗ. ಕಾಣದ ಭಾಗ ಮೂಳೆಯಲ್ಲಿದೆ. ವರ್ಷಗಟ್ಟಲೆ ಹೆಚ್ಚು ಫ್ಲೋರೈಡ್ ಸೇರಿದ ಮೈಯಲ್ಲಿ ಕೀಲುಗಳು ಬಿಗಿಯುತ್ತವೆ, ಮೂಳೆಗೆ ಮೂಳೆ ಕಟ್ಟಿದ ನಾರುಗಳು ಗಟ್ಟಿಯಾಗಿ ಸುಣ್ಣಗಟ್ಟುತ್ತವೆ, ಬೆನ್ನುಮೂಳೆ ಕೋಲಿನಂತೆ ಸೆಟೆದುಕೊಳ್ಳುತ್ತದೆ. ತೀರಾ ಮುಂದುವರಿದರೆ ಬೆನ್ನುಹುರಿಯನ್ನೇ ಅದುಮುತ್ತದೆ. ಕತ್ತು ತಿರುಗಿಸಲಾಗದೆ ಇಡೀ ಮೈ ತಿರುಗಿಸಿ ಮಾತಾಡುವ ಅಜ್ಜಿಯರನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಈಗ ಊಹಿಸಿ. ಬೆಂಗಳೂರಿನಲ್ಲೋ ಮೊಬೈಲಿನಲ್ಲೋ 200 ಗಂಟೆ ತರಬೇತಿ ಮುಗಿಸಿದ ಹುಡುಗ ಶಿಬಿರ ಮಾಡುತ್ತಾನೆ. ಅವನು ಕಲಿತದ್ದು ನಗರದ ಮೈಗಳ ಮೇಲೆ. ಎದುರಿಗೆ ಕೂತವಳ ಸೊಂಟ ಬಗ್ಗುತ್ತಿಲ್ಲ. “ಮಾಡಮ್ಮ, ಆಗುತ್ತೆ, ಅಭ್ಯಾಸ ಇಲ್ಲ ಅಷ್ಟೆ” ಎಂದು ಬೆನ್ನಿನ ಮೇಲೆ ಕೈಯಿಟ್ಟು ಅದುಮುತ್ತಾನೆ. ಅವನಲ್ಲಿ ಕೆಟ್ಟ ಬುದ್ಧಿ ಒಂದು ಚೂರೂ ಇಲ್ಲ. ಆದರೂ ಅದು ಹಿಂಸೆ. ಯೋಗದ ಪಟದಲ್ಲಿರುವ ಮೈ ಬೇರೆ, ಪಾವಗಡದ ನೀರು ಕುಡಿದ ಮೈ ಬೇರೆ ಎಂದು ತಿಳಿಯದಿರುವುದೇ ಇಲ್ಲಿ ಹಿಂಸೆ. ಅಹಿಂಸೆ ಎಂದರೆ ಇರುವೆ ತುಳಿಯದಿರುವುದು ಎಂದು ಮಕ್ಕಳಿಗೆ ಹೇಳಿಕೊಡುವ ಶಿಕ್ಷಕ, ಮೊದಲು “ನೀವು ಎಷ್ಟು ವರ್ಷ ಯಾವ ನೀರು ಕುಡಿದಿರಿ” ಎಂದು ಕೇಳಲು ಕಲಿತರೆ ನಮ್ಮ ತಾಲೂಕಿಗೆ ಅಷ್ಟೇ ಸಾಕಿತ್ತು.

ನನ್ನ ಬೆನ್ನಿನ ಮೇಲೂ ಒಮ್ಮೆ ಇಂಥ ಕೈ ಬಿದ್ದಿತ್ತು. ಪಶ್ಚಿಮೋತ್ತಾನಾಸನ. ಹಣೆ ಮಂಡಿಗೆ ಮುಟ್ಟಲೇಬೇಕೆಂದು ಹಿಂದಿನಿಂದ ಮೈಭಾರ ಹಾಕಿ ಒತ್ತಿದರು. ಹಣೆ ಮುಟ್ಟಿತು. ಮೂರು ತಿಂಗಳು ಬಸ್ಸಿನ ಸೀಟಿನಿಂದ ಏಳುವಾಗ ಕಂಬಿ ಹಿಡಿಯಬೇಕಾಯಿತು. ಯಾರಿಗೂ ಹೇಳಲಿಲ್ಲ. ಗುರುಗಳು, ಅವರಿಗೆ ನೋವಾದೀತು ಎಂಬ ಸಂಕೋಚ! ನೋವಾಗಿದ್ದು ನನಗೆ ಎಂಬುದು ಆಗ ಹೊಳೆಯಲೇ ಇಲ್ಲ. ಅಂಥ ಸಂಕೋಚ ಹೇಗೆ ಬೆಳೆಯುತ್ತದೆ, ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ, ಮೈಸೂರಿಗೆ ಹೋದರೆ ಸಾಕು.

ಇವತ್ತು ಜಗತ್ತು ಮಾಡುವ ಯೋಗದ ಬಹುಪಾಲು ಬೇರು ಕರ್ನಾಟಕದಲ್ಲಿದೆ. ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. ಅವರ ಬಳಿ ಕಲಿತ ಇಬ್ಬರು ಹುಡುಗರು ಲೋಕವನ್ನೇ ಬಗ್ಗಿಸಿದರು: ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್, ಹಾಸನದ ಹತ್ತಿರದ ಕೌಶಿಕದ ಕೆ. ಪಟ್ಟಾಭಿ ಜೋಯಿಸ್.

ಜೋಯಿಸರು ‘ಯೋಗ ಮಾಲಾ’ ಎಂಬ ಪುಸ್ತಕವನ್ನು ಬರೆದದ್ದು ಕನ್ನಡದಲ್ಲಿ, ಪ್ರಕಟವಾದದ್ದು 1962ರಲ್ಲಿ. ಅದರಲ್ಲಿ ಆಸನಗಳ ವಿವರಕ್ಕೆ ಮುಂಚೆ ಯಮ ನಿಯಮಗಳ ವಿವರಣೆಯಿದೆ. ಹೊರದೇಶಗಳಿಂದ ಸಾವಿರಾರು ಜನ ಮೈಸೂರಿಗೆ ಬಂದು ಅವರ ಬಳಿ ಕಲಿತರು. 2009ರಲ್ಲಿ ಅವರು ತೀರಿಕೊಂಡರು. ಎಂಟು ವರ್ಷ ಕಳೆದ ಮೇಲೆ, 2017ರ ಕೊನೆಯಲ್ಲಿ ಅವರ ಹಳೆಯ ವಿದ್ಯಾರ್ಥಿನಿಯೊಬ್ಬರು ಬಹಿರಂಗವಾಗಿ ಬರೆದರು: ಆಸನ ಸರಿಪಡಿಸುವ ನೆಪದಲ್ಲಿ ಗುರುಗಳು ತಮ್ಮ ಮೈಯನ್ನು ಮುಟ್ಟಬಾರದ ಕಡೆ ಮುಟ್ಟುತ್ತಿದ್ದರು ಎಂದು. ಅದರ ಹಿಂದೆಯೇ ಮತ್ತಷ್ಟು ಹೆಂಗಸರು ಇದೇ ಮಾತು ಹೇಳಿದರು. ಆರೋಪ ಹೊತ್ತವರು ಬದುಕಿರಲಿಲ್ಲ, ಹಾಗಾಗಿ ಯಾವ ನ್ಯಾಯಾಲಯವೂ ಇದನ್ನು ವಿಚಾರಿಸಲಿಲ್ಲ. 2019ರಲ್ಲಿ ಅವರ ಮೊಮ್ಮಗ, ಪರಂಪರೆ ಮುಂದುವರಿಸುತ್ತಿದ್ದ ಶರತ್ ಜೋಯಿಸ್, ಆ ಹೆಂಗಸರ ನೋವನ್ನು ಒಪ್ಪಿಕೊಂಡು ಸಾರ್ವಜನಿಕವಾಗಿ ಕ್ಷಮೆ ಕೇಳಿದರು. 2024ರ ನವೆಂಬರ್‌ನಲ್ಲಿ ಅವರೂ ತೀರಿಕೊಂಡರು.

ಹಿರಿಯರೊಬ್ಬರು ಹೋದ ಮೇಲೆ ಅವರ ಹೆಸರೆತ್ತಿ ಬರೆಯುವುದು ನಮಗೆ ಇಷ್ಟದ ಕೆಲಸವಲ್ಲ. ಮೈಸೂರಿನಲ್ಲಿ ಈಗಲೂ ಪಟ್ಟಾಭಿ ಜೋಯಿಸರನ್ನು ದೇವರಂತೆ ನೆನೆಯುವವರಿದ್ದಾರೆ, ಅವರ ಕೃತಜ್ಞತೆ ಸುಳ್ಳಲ್ಲ. ಆದರೆ ಒಂದು ಮಾತನ್ನು ಗಮನಿಸಲೇಬೇಕು. ಜೋಯಿಸರ ಬಳಿ ಕಲಿಯುತ್ತಿದ್ದವರು ಓದಿದವರು, ದುಡ್ಡಿದ್ದವರು, ವಿಮಾನ ಹತ್ತಿ ಬಂದವರು, ಬೇಡವೆಂದರೆ ಮರುದಿನವೇ ಹೊರಟು ಹೋಗಬಲ್ಲವರು. ಅಂಥವರಿಗೇ ಬಾಯಿ ಬಿಡಲು ವರ್ಷಗಟ್ಟಲೆ ಹಿಡಿಯಿತು. ಸುತ್ತ ನಿಂತು ನೋಡಿದವರು ಅದನ್ನು ‘ಅಡ್ಜಸ್ಟ್‌ಮೆಂಟ್’ ಎಂದು ಕರೆದು ಸುಮ್ಮನಾದರು. ಹಾಗಾದರೆ ನಮ್ಮ ಹೋಬಳಿಯ ಪ್ರೌಢಶಾಲೆಯ ಎಂಟನೇ ಕ್ಲಾಸಿನ ಹುಡುಗಿ ಯಾರ ಬಳಿ ಹೇಳುತ್ತಾಳೆ? ‘ಮೇಷ್ಟ್ರು ಆಸನ ಹೇಳಿಕೊಡುವಾಗ ಹೀಗೆ’ ಎಂದು ಮನೆಯಲ್ಲಿ ಹೇಳಿದರೆ ಮೊದಲು ಯೋಗ ನಿಲ್ಲುತ್ತದೆಯೋ ಅವಳ ಶಾಲೆ ನಿಲ್ಲುತ್ತದೆಯೋ? ನಮ್ಮ ಊರುಗಳನ್ನು ಬಲ್ಲವರು ಉತ್ತರ ಬಲ್ಲರು.

ಬ್ರಹ್ಮಚರ್ಯ ಎಂಬ ಯಮವನ್ನು ನಾವು ಓದಿದ್ದೇ ತಿರುಗುಮುರುಗಾಗಿ. ಅದನ್ನು ಹುಡುಗರಿಗೆ ಹೇಳುವ ಬುದ್ಧಿಮಾತು ಮಾಡಿಬಿಟ್ಟೆವು: ಸಿನಿಮಾ ನೋಡಬೇಡ, ಮನಸ್ಸು ಚಂಚಲ ಮಾಡಿಕೊಳ್ಳಬೇಡ. ಹೇಳಿಕೊಡುವವನ ಕೈಗೆ, ಕಣ್ಣಿಗೆ, ನಾಲಿಗೆಗೆ ಅದು ಮೊದಲು ಹಾಕುವ ಕಟ್ಟು ಎಂದು ಯಾರೂ ಹೇಳಲಿಲ್ಲ. ಐದೂ ಯಮಗಳ ಕಥೆ ಇದೇ. ಅವು ಕಲಿಯುವವನ ಚಾರ್ಟಿನಲ್ಲಿವೆ. ಕಲಿಸುವವನ ಕರಾರಿನಲ್ಲಿ ಇಲ್ಲ. ಅದೊಂದನ್ನು ತಿರುಗಿಸಬೇಕೆಂಬುದೇ ಈ ಸಂಪಾದಕೀಯದ ಒಟ್ಟು ತಕರಾರು.

ಅಯ್ಯಂಗಾರರ ಕಥೆಯಲ್ಲಿ ಇನ್ನೊಂದು ಪಾಠವಿದೆ. 1918ರ ಇನ್‌ಫ್ಲುಯೆಂಜಾ ಕಾಲದಲ್ಲಿ ಹುಟ್ಟಿದ, ಕ್ಷಯ, ಮಲೇರಿಯಾ, ಟೈಫಾಯ್ಡ್ ಎಲ್ಲ ಕಂಡ ಬಡಕಲು ಹುಡುಗ. ಅಕ್ಕನ ಗಂಡನೇ ಆದ ಗುರು ಕೃಷ್ಣಮಾಚಾರ್ಯರು ಬಹಳ ಕಠಿಣ. ಹನುಮಾನಾಸನ ಬಾರದು ಎಂದರೂ ಸಭೆಯ ಮುಂದೆ ಮಾಡಿಸಿದ್ದರಿಂದ ತೊಡೆಯ ಸ್ನಾಯು ಹರಿದು ಬಹಳ ಕಾಲ ನರಳಿದ್ದನ್ನು ಅಯ್ಯಂಗಾರರೇ ಮುಂದೆ ಹೇಳಿಕೊಂಡಿದ್ದಾರೆ. ಅವರೂ ಮೃದು ಗುರುವೇನಲ್ಲ, ವಿದ್ಯಾರ್ಥಿಗಳಿಗೆ ಏಟು ಹಾಕುತ್ತಿದ್ದರೆಂದು ಅವರ ಶಿಷ್ಯರೇ ಬರೆದಿದ್ದಾರೆ. ಏಟು ತಿಂದವನು ಏಟು ಹಾಕುತ್ತಾನೆ. ಯಮವಿಲ್ಲದ ವಿದ್ಯೆ ಹೀಗೆ ತಲೆಮಾರಿನಿಂದ ತಲೆಮಾರಿಗೆ ಕೈ ದಾಟುತ್ತದೆ.

ಆದರೆ ಅದೇ ಅಯ್ಯಂಗಾರ್ ಇನ್ನೊಂದನ್ನೂ ಮಾಡಿದರು. ಬಗ್ಗದವರಿಗೆ ಹಗ್ಗ ಕೊಟ್ಟರು, ಮರದ ಇಟ್ಟಿಗೆ ಕೊಟ್ಟರು, ಕುರ್ಚಿ ಕೊಟ್ಟರು, ದಿಂಬು ಕೊಟ್ಟರು, ಗೋಡೆಗೆ ಆನಿಸಿದರು. ಮೈಯನ್ನು ಆಸನಕ್ಕೆ ಎಳೆಯುವ ಬದಲು ಆಸನವನ್ನೇ ಮೈಯ ಹತ್ತಿರ ತಂದರು. ಅವರ ಪುಸ್ತಕಗಳ ಯಾವ ಪುಟಕ್ಕಿಂತಲೂ ಆ ಮಡಚುವ ಕುರ್ಚಿಯಲ್ಲಿ ನನಗೆ ಅಹಿಂಸೆ ಕಾಣುತ್ತದೆ. ಕೋಲಾರದ ಒಣ ಸೀಮೆಯ ಬೆಳ್ಳೂರಿನಿಂದ ಹೋದವರು, ಹೆಸರು ಮಾಡಿದ ಮೇಲೆ ಹುಟ್ಟೂರಿಗೆ ತಿರುಗಿ ಬಂದು ಶಾಲೆ, ಆಸ್ಪತ್ರೆ ಕಟ್ಟಿಸಿದರು. ಕೂಡಿಟ್ಟುಕೊಳ್ಳದಿರುವ ಅಪರಿಗ್ರಹಕ್ಕೂ ಅಲ್ಲಿ ಒಂದಿಷ್ಟು ಜಾಗ ಸಿಕ್ಕಿತು.

ಸತ್ಯದ ವಿಷಯ ಇನ್ನೂ ಹತ್ತಿರದ್ದು, ಇನ್ನೂ ತುರ್ತಿನದು. “ನಲವತ್ತೆಂಟು ದಿನ ಮಾಡಿ, ಶುಗರ್ ಮಾತ್ರೆ ಎಸೆಯಿರಿ.” ಈ ಮಾತನ್ನು ನೀವು ಕೇಳಿಲ್ಲವೆಂದರೆ ನೀವು ವಾಟ್ಸ್‌ಆ್ಯಪ್ ಇಟ್ಟುಕೊಂಡಿಲ್ಲ ಎಂದರ್ಥ. ಯೋಗಾಭ್ಯಾಸದಿಂದ ಸಕ್ಕರೆ ಹತೋಟಿಗೆ ಬರಲು ಸಹಾಯವಾಗಬಹುದು, ರಕ್ತದೊತ್ತಡ ಇಳಿಯಲು ಸಹಾಯವಾಗಬಹುದು, ನಿದ್ದೆ ಬರಬಹುದು. ಆದರೆ ‘ಸಹಾಯವಾಗಬಹುದು’ ಎಂಬ ಮಾತಿಗೂ ‘ಮಾತ್ರೆ ಎಸೆಯಿರಿ’ ಎಂಬ ಮಾತಿಗೂ ನಡುವೆ ಒಬ್ಬ ಮನುಷ್ಯನ ಮೂತ್ರಪಿಂಡ ಇದೆ. ಇನ್ಸುಲಿನ್ ಬಿಟ್ಟವನನ್ನು ರಾತ್ರೋರಾತ್ರಿ ಇಲ್ಲಿಂದ ತುಮಕೂರಿಗೆ ಸಾಗಿಸುವುದೆಂದರೆ ನೂರು ಕಿಲೋಮೀಟರಿನ ದಾರಿ. ಮಧುಗಿರಿ ದಾಟುವಾಗಲೇ ಮನೆಯವರಿಗೆ ಜೀವ ಬಾಯಿಗೆ ಬಂದಿರುತ್ತದೆ.

ಕಾನೂನು ಇಲ್ಲದೆ ಇಲ್ಲ. ಮಾಂತ್ರಿಕ ಮದ್ದುಗಳ ಆಕ್ಷೇಪಾರ್ಹ ಜಾಹೀರಾತನ್ನು ತಡೆಯುವ 1954ರ ಕಾಯ್ದೆಯಲ್ಲಿ ಮಧುಮೇಹವೂ ಸೇರಿದೆ. ವಿಚಿತ್ರ ನೋಡಿ, ಇತ್ತೀಚೆಗೆ ಈ ಸತ್ಯದ ಪ್ರಶ್ನೆ ಸುಪ್ರೀಂ ಕೋರ್ಟಿನ ಕಟಕಟೆ ಹತ್ತಿದ್ದು ಪತಂಜಲಿಯ ಹೆಸರಿಟ್ಟುಕೊಂಡ ಕಂಪನಿಯ ಮೂಲಕವೇ. ಭಾರತೀಯ ವೈದ್ಯಕೀಯ ಸಂಘ ಹೂಡಿದ್ದ ಮೊಕದ್ದಮೆಯಲ್ಲಿ 2024ರ ಫೆಬ್ರವರಿಯಲ್ಲಿ ನ್ಯಾಯಾಲಯ ಪತಂಜಲಿ ಆಯುರ್ವೇದದ ದಾರಿ ತಪ್ಪಿಸುವ ಜಾಹೀರಾತುಗಳ ಬಗ್ಗೆ ನ್ಯಾಯಾಂಗ ನಿಂದನೆಯ ನೋಟಿಸು ಕೊಟ್ಟಿತು. ರಾಮದೇವ್, ಬಾಲಕೃಷ್ಣ ಇಬ್ಬರೂ ಖುದ್ದಾಗಿ ನಿಂತು ಕ್ಷಮೆ ಕೇಳಿದರು, ಪತ್ರಿಕೆಗಳಲ್ಲಿ ಕ್ಷಮಾಪಣೆ ಅಚ್ಚಾಯಿತು, ಆಗಸ್ಟ್‌ನಲ್ಲಿ ನ್ಯಾಯಾಲಯ ಅದನ್ನು ಒಪ್ಪಿ ನಿಂದನೆಯ ಪ್ರಕರಣ ಮುಗಿಸಿತು. ಆದರೆ ದೊಡ್ಡ ಕಂಪನಿಯನ್ನು ಕೋರ್ಟು ಹಿಡಿಯಬಹುದು; ಸಮುದಾಯ ಭವನದಲ್ಲಿ ಮೈಕು ಹಿಡಿದು ಹೇಳುವ ಮಾತನ್ನು ಯಾವ ಕೋರ್ಟು ಕೇಳಿಸಿಕೊಳ್ಳುತ್ತದೆ? ಅದನ್ನು ಅಲ್ಲಿ ಕೂತವರೇ ತಡೆಯಬೇಕು. ಆಶಾ ಕಾರ್ಯಕರ್ತೆ ಎದ್ದು ನಿಂತು “ಸಾರ್, ಮಾತ್ರೆ ಬಿಡೋ ಮಾತು ಡಾಕ್ಟ್ರು ಹೇಳಬೇಕು, ನೀವಲ್ಲ” ಎಂದರೆ ಅವಳನ್ನು ಒರಟು ಹೆಂಗಸು ಎನ್ನಬಾರದು. ಆ ದಿನ ಆ ಭವನದಲ್ಲಿ ಯೋಗ ಮಾಡಿದವಳು ಅವಳೊಬ್ಬಳೇ.

ಶೌಚದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂಗಿನಲ್ಲಿ ನೀರು ಹಾಯಿಸುವ ಜಲನೇತಿ ಮಾಡಿಸುವ ಮುನ್ನ ಆ ನೀರು ಎಲ್ಲಿಯದು, ಕಾಯಿಸಿ ಆರಿಸಿದ್ದೋ ಎಂದು ಕೇಳಿ.

ಅಸ್ತೇಯ ಎಂದರೆ ಕದಿಯದಿರುವುದು. ಯೋಗದ ಮೇಷ್ಟ್ರು ಏನು ಕದಿಯುತ್ತಾರೆ ಎಂದು ನಗಬೇಡಿ. ಮಕ್ಕಳ ಬೆನ್ನನ್ನು ವೇದಿಕೆಗಾಗಿ ಎತ್ತಿಕೊಂಡು ಹೋಗುವುದೂ ಕಳವೇ. 2020ರ ಡಿಸೆಂಬರ್‌ನಲ್ಲಿ ಕೇಂದ್ರ ಸರ್ಕಾರ ಯೋಗಾಸನವನ್ನು ಸ್ಪರ್ಧಾತ್ಮಕ ಕ್ರೀಡೆಯೆಂದು ಮಾನ್ಯ ಮಾಡಿತು. ಪದಕ ಬಂತು, ಕ್ರೀಡಾ ಕೋಟಾದ ಆಸೆ ಬಂತು. ಅದರ ಜೊತೆಗೆ ‘ದಾಖಲೆ’ಯ ಹುಚ್ಚೂ ಬಂತು: ಇಷ್ಟು ಗಂಟೆ ಒಂದೇ ಆಸನ, ಇಷ್ಟು ನಿಮಿಷದಲ್ಲಿ ಇಷ್ಟು ಆಸನ, ಮಡಕೆಯ ಮೇಲೆ, ಗಾಜಿನ ಮೇಲೆ. ಐದು ವರ್ಷದ ಮಗು ಹಿಂದಕ್ಕೆ ಬಾಗಿ ಕಾಲನ್ನು ಕತ್ತಿನ ಮುಂದೆ ತಂದರೆ ನಾವು ಚಪ್ಪಾಳೆ ಹೊಡೆಯುತ್ತೇವೆ, ಶಾಸಕರು ಶಾಲು ಹೊದಿಸುತ್ತಾರೆ. ಮೂಳೆ ಇನ್ನೂ ಬೆಳೆಯುತ್ತಿರುವ ಆ ಸೊಂಟ ನಲವತ್ತನೆಯ ವರ್ಷದಲ್ಲಿ ಏನು ಹೇಳುತ್ತದೆ ಎಂದು ಕೇಳುವವರು ಆ ವೇದಿಕೆಯ ಮೇಲೆ ಇರುವುದಿಲ್ಲ. ಸ್ಪರ್ಧೆ ಬೇಡವೆನ್ನುವುದಿಲ್ಲ, ಕಬಡ್ಡಿಯಲ್ಲೂ ಮೂಳೆ ಮುರಿಯುತ್ತದೆ. ಆದರೆ ಕಬಡ್ಡಿಯನ್ನು ಯಾರೂ ಆರೋಗ್ಯವೆಂದು, ಧರ್ಮವೆಂದು ಮಾರುವುದಿಲ್ಲ. ಸಂತೋಷ ಎಂಬ ನಿಯಮದ ಅರ್ಥ ಇದ್ದಷ್ಟರಲ್ಲಿ ತೃಪ್ತಿ. ತೃಪ್ತಿಯನ್ನು ಅಂಕ ಹಾಕಿ ಒಂದನೇ ಬಹುಮಾನ, ಎರಡನೇ ಬಹುಮಾನ ಎಂದು ಹಂಚುವುದು ಹೇಗೋ ನನಗೆ ತಿಳಿಯದು.

ಪತಂಜಲಿ ಯಮಗಳನ್ನು ಮಹಾವ್ರತ ಎಂದು ಕರೆದು ಒಂದು ಷರತ್ತು ಹಾಕಿದ್ದಾನೆ. ಹುಟ್ಟು, ಜಾಗ, ಕಾಲ, ಸಂದರ್ಭ ನೋಡಿ ಅವು ಬದಲಾಗಕೂಡದು. ಯೋಗಸೂತ್ರದ ವ್ಯಾಖ್ಯಾನವಾದ ವ್ಯಾಸಭಾಷ್ಯ ಇದಕ್ಕೆ ಕೊಡುವ ಉದಾಹರಣೆ ಚೆನ್ನಾಗಿದೆ: ಮೀನುಗಾರ ನಾನು ಮೀನನ್ನಷ್ಟೇ ಕೊಲ್ಲುತ್ತೇನೆ ಎನ್ನುತ್ತಾನೆ, ಇನ್ನೊಬ್ಬ ತೀರ್ಥಕ್ಷೇತ್ರದಲ್ಲಿ ಕೊಲ್ಲುವುದಿಲ್ಲ ಎನ್ನುತ್ತಾನೆ, ಮತ್ತೊಬ್ಬ ಚತುರ್ದಶಿಯ ದಿನ ಕೊಲ್ಲುವುದಿಲ್ಲ ಎನ್ನುತ್ತಾನೆ. ಇವೆಲ್ಲ ಅಹಿಂಸೆಯೇ, ಆದರೆ ಬೇಲಿ ಹಾಕಿದ ಅಹಿಂಸೆ. ನಮ್ಮ ಯೋಗ ಶಿಬಿರಗಳ ಬೇಲಿ ಎಲ್ಲಿದೆ? ಶಿಬಿರ ನಡೆಯುವ ಜಾಗವನ್ನು ನೋಡಿ. ಊರಿನ ಎಲ್ಲರೂ ಹೊಸಿಲು ದಾಟಬಹುದಾದ ಜಾಗವೋ, ಅಥವಾ ಕೆಲವರು ಹೊರಗಿನಿಂದಲೇ ಕೈಮುಗಿಯುವ ಜಾಗವೋ? ಚಾಪೆಯ ಮೊದಲ ಸಾಲಿನಲ್ಲಿ ಯಾರಿದ್ದಾರೆ, ಕೊನೆಯ ಸಾಲಿನಲ್ಲಿ ಯಾರಿದ್ದಾರೆ? ಅಹಿಂಸೆಯ ಮೇಲೆ ಅರ್ಧ ಗಂಟೆ ಭಾಷಣ ಕೇಳಿ, ಹೊರಗೆ ಬಂದು ಬೇರೆ ಲೋಟದಲ್ಲಿ ಟೀ ಕೊಡುವ ಊರು ಚತುರ್ದಶಿಯ ಅಹಿಂಸೆಯ ಊರು. ಆದ್ದರಿಂದ ಶಿಬಿರಕ್ಕೆ ಶಾಲೆಯ ಅಂಗಳವೇ ಲೇಸು.

ಈ ಐದು ವ್ರತಗಳು ನಮಗೆ ಹೊರಗಿನಿಂದ ಬಂದವೂ ಅಲ್ಲ. ಜೈನರ ಪಂಚ ಮಹಾವ್ರತಗಳೂ ಇವೇ ಐದು. ನಮ್ಮ ತಾಲೂಕಿನ ನಿಡಗಲ್ ಬೆಟ್ಟದ ಮೇಲೆ ಬಸದಿಯಿದೆ, ಮಧುಗಿರಿಯಲ್ಲಿ ಮಲ್ಲಿನಾಥನ ಬಸದಿಯಿದೆ, ತುಮಕೂರಿನ ಪಕ್ಕ ಮಂದರಗಿರಿಯನ್ನು ಜನ ಬಸದಿ ಬೆಟ್ಟವೆಂದೇ ಕರೆಯುತ್ತಾರೆ. ಕಲ್ಲು ಕಡೆಯುವ ಕಾಲದಿಂದ ಈ ಐದು ಮಾತುಗಳು ಈ ಸೀಮೆಯ ಗಾಳಿಯಲ್ಲಿವೆ. ಹೊಸದಾಗಿ ಬಂದಿರುವುದು ಚಾಪೆ ಮಾತ್ರ.

ದುಡ್ಡಿನ ಮಾತಿಗೆ ಬರೋಣ, ಅಪರಿಗ್ರಹದ ಮಾತೂ ಅದೇ. ನಮ್ಮ ಜಿಲ್ಲೆಗೊಂದು ಹೆಮ್ಮೆಯಿದೆ: 1980ರಲ್ಲಿ ತುಮಕೂರಿನಲ್ಲಿ ಹುಟ್ಟಿದ ಶ್ರೀ ಪತಂಜಲಿ ಯೋಗ ಶಿಕ್ಷಣ ಸಮಿತಿ. ಬೆಳಗಿನ ಜಾವ ಬಡಾವಣೆ ಬಡಾವಣೆಯಲ್ಲಿ ಕಾಸು ಕೇಳದೆ ಕಲಿಸುವ ಪದ್ಧತಿಯನ್ನು ಅದು ನಾಡಿನಾದ್ಯಂತ ಬೆಳೆಸಿತು. ಕಲಿತವರೇ ಕಲಿಸುವವರಾದರು. ಯೋಗವೆಂದರೆ ಸಾವಿರಾರು ರೂಪಾಯಿ ಪ್ಯಾಕೇಜ್ ಎಂಬ ಈ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಒಂದು ಎಚ್ಚರ ಮಾತ್ರ, ಇದು ಯಾವ ಸಂಸ್ಥೆಗೂ ಸಲ್ಲುವ ಎಚ್ಚರ. ಉಚಿತವಾಗಿ ಕಲಿಸುವವರ ವಿರುದ್ಧ ದೂರು ಹೇಳುವುದು ಹಣ ತೆಗೆದುಕೊಂಡವರ ವಿರುದ್ಧ ಹೇಳುವುದಕ್ಕಿಂತ ಕಷ್ಟ. ‘ಪುಣ್ಯಾತ್ಮರು ಬಿಟ್ಟಿ ಹೇಳಿಕೊಡುತ್ತಾರೆ, ಇವಳಿಗೇನು ಬಂತು’ ಎಂಬ ಮಾತು ಕಾದಿರುತ್ತದೆ. ಹೀಗಾಗಿ ದೂರು ಕೇಳುವ ಕಿವಿಯೊಂದನ್ನು ಶಿಬಿರ ನಡೆಸುವವರೇ ಮೊದಲ ದಿನವೇ ಹೆಸರಿಸಬೇಕು, ಅದು ಕಲಿಸುವವರ ಕಿವಿಯಾಗಿರಬಾರದು.

ಸರ್ಕಾರದ ಲೆಕ್ಕವನ್ನೂ ಒಮ್ಮೆ ನೋಡಿ. ಆಯುಷ್ ಕೇಂದ್ರಗಳ ಯೋಗ ಶಿಕ್ಷಕರಿಗೆ ಕೇಂದ್ರದ ಮಾರ್ಗಸೂಚಿ ಇಟ್ಟ ಗೌರವಧನ ತರಗತಿಗೆ 250 ರೂಪಾಯಿ. ಗಂಡು ಶಿಕ್ಷಕರಿಗೆ ತಿಂಗಳಿಗೆ 32 ತರಗತಿ, 8,000 ರೂಪಾಯಿ. ಹೆಣ್ಣು ಶಿಕ್ಷಕಿಗೆ 20 ತರಗತಿ, 5,000 ರೂಪಾಯಿ. ಐದು ಸಾವಿರಕ್ಕೆ ಬಸ್ ಹತ್ತಿ ನಮ್ಮ ಹಳ್ಳಿಗೆ ಬಂದು ಕಲಿಸುವ ಹೆಣ್ಣುಮಗಳು ಎಷ್ಟು ದಿನ ಉಳಿದಾಳು? ಅವಳು ಬಿಟ್ಟ ಜಾಗಕ್ಕೆ ಯಾರು ಬರುತ್ತಾರೆ? ಹೆಂಗಸರಿಗೆ, ಹೆಣ್ಣುಮಕ್ಕಳಿಗೆ ಹೆಂಗಸರೇ ಕಲಿಸಲಿ ಎಂಬುದು ಜನರ ಸಹಜ ಅಪೇಕ್ಷೆ. ಹಾಗಿದ್ದರೆ ಅವರ ತರಗತಿ ಕಡಿಮೆ ಇಟ್ಟ ಲೆಕ್ಕ ಯಾವ ಯೋಗದ್ದೋ ಅರ್ಥವಾಗದು. ಜಿಲ್ಲಾ ಪಂಚಾಯ್ತಿ ಈ ಕೊರತೆಯನ್ನು ತನ್ನ ಕೈಯಿಂದ ತುಂಬಬಹುದು. ಸೌರ ಪಾರ್ಕಿನ ಕಂಪನಿಗಳ ಸಾಮಾಜಿಕ ಹೊಣೆಯ ಹಣವಿದೆ. ಶಾಲೆಗೆ ಬಣ್ಣ ಬಳಿದು ಹೆಸರು ಬರೆಸುವ ಬದಲು ಇಬ್ಬರು ಶಿಕ್ಷಕಿಯರ ಸಂಬಳ ಕೊಡಲಿ. ಗುತ್ತಿಗೆ ಸಿಗದ ಭೂಮಿರಹಿತರ ಮನೆಯ ಹೆಣ್ಣುಮಕ್ಕಳಿಗೇ ಆ ತರಬೇತಿ ಕೊಡಿಸಿದರೆ, ಆಗಲೇ ಬದಿಗಿಟ್ಟ ಪ್ರಶ್ನೆಗೂ ಒಂದು ಹಿಡಿ ಉತ್ತರ ಸಿಗುತ್ತದೆ.

ಇನ್ನು ಗ್ರಾಮಸಭೆಯಲ್ಲಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ಕೇಳಬೇಕಾದ ಮಾತುಗಳು. ಯೋಗದ ಹೆಸರಿನಲ್ಲಿ ಶಾಲೆಗೋ ಭವನಕ್ಕೋ ಬರುವವರು ಯಾರಲ್ಲಿ ಕಲಿತರು, ಹಿಂದೆ ಎಲ್ಲಿ ಕಲಿಸಿದರು, ಅಲ್ಲಿಗೆ ಒಂದು ಫೋನ್ ಮಾಡಬಹುದೇ? ಮಕ್ಕಳನ್ನು ಮುಟ್ಟದೆ, ಬಾಯಲ್ಲಿ ಹೇಳಿ, ತಾವು ಮಾಡಿ ತೋರಿಸಿ ಕಲಿಸಲು ಒಪ್ಪುತ್ತಾರೆಯೇ? ದೊಡ್ಡವರನ್ನು ಮುಟ್ಟುವ ಮುನ್ನ ಪ್ರತಿಸಲ ಕೇಳುತ್ತಾರೆಯೇ, ಬೇಡವೆಂದರೆ ಮುಖ ಸಿಂಡರಿಸದೆ ಹಿಂದೆ ಸರಿಯುತ್ತಾರೆಯೇ? ತರಗತಿ ನಡೆಯುವಾಗ ಬಾಗಿಲು ತೆರೆದಿರುತ್ತದೆಯೇ, ಯಾವ ತಾಯಿ ಬೇಕಾದರೂ ಬಂದು ಮೂಲೆಯಲ್ಲಿ ಕೂರಬಹುದೇ? ‘ಶಕ್ತಿ ಚದುರುತ್ತದೆ, ಹೊರಗಿನವರು ಬೇಡ’ ಎಂದರೆ ಆ ಶಕ್ತಿ ನಮಗೂ ಬೇಡ. ಮಂಡಿ, ಸೊಂಟ, ಕತ್ತು ಬಿಗಿದವರ, ಬಿಪಿ ಇರುವವರ, ಬಸುರಿಯರ ಹೆಸರು ಬರೆದ ಒಂದು ಪುಸ್ತಕ ಇಟ್ಟಿರುತ್ತಾರೆಯೇ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರು ಅದನ್ನು ಒಮ್ಮೆ ನೋಡಿದ್ದಾರೆಯೇ?

ಮಕ್ಕಳಿಗೆ ಎರಡು ಸಂಗತಿ ಗೊತ್ತಿರಲಿ. 1098 ಎಂಬ ಸಂಖ್ಯೆ ಮಕ್ಕಳ ಸಹಾಯವಾಣಿಯದು, ಅದಕ್ಕೆ ಕಾಸು ಬೀಳುವುದಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದ ಮಗುವಿನ ಮೇಲೆ ಶಾಲೆಯ ಸಿಬ್ಬಂದಿಯೋ, ಮಗು ನಂಬಿದ ಸ್ಥಾನದಲ್ಲಿರುವವರೋ ಲೈಂಗಿಕ ದೌರ್ಜನ್ಯ ಎಸಗಿದರೆ ಅದು ಇನ್ನೂ ಗುರುತರ ಅಪರಾಧ. ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರೂ ಶಿಕ್ಷೆಗೆ ಗುರಿ. ‘ಊರ ಮರ್ಯಾದೆ’ ಎಂದು ಪಂಚಾಯ್ತಿ ಕಟ್ಟೆಯಲ್ಲಿ ಮುಗಿಸುವ ಹಿರಿಯರು ಕೊನೆಯ ಭಾಗವನ್ನು ಎರಡು ಸಲ ಓದಿಕೊಳ್ಳಲಿ.

ಇಷ್ಟನ್ನು ಕೇಳಿದರೆ ಒಳ್ಳೆಯ ಶಿಕ್ಷಕರು ಬೇಸರ ಮಾಡಿಕೊಂಡು ಬರುವುದನ್ನೇ ಬಿಟ್ಟಾರು ಎಂದು ಹೇಳುವವರಿದ್ದಾರೆ. ಒಳ್ಳೆಯ ಶಿಕ್ಷಕರನ್ನು ನಾವೂ ಕಂಡಿದ್ದೇವೆ. ಪಾವಗಡದಲ್ಲಿ, ಶಿರಾದಲ್ಲಿ, ಕೊರಟಗೆರೆಯಲ್ಲಿ ಹೆಸರಿಲ್ಲದೆ, ಫ್ಲೆಕ್ಸ್ ಇಲ್ಲದೆ, ಐದು ಗಂಟೆಗೆ ಎದ್ದು ಶಾಲೆಯ ಬೀಗ ತೆಗೆಯುವವರು ಅವರು. ಅವರಿಗೆ ಈ ಪ್ರಶ್ನೆಗಳು ಹೊರೆಯಲ್ಲ, ರಕ್ಷೆ. ಸುಳ್ಳು ದೂರಿನಿಂದ ಅವರನ್ನು ಕಾಯುವುದೂ ಆ ತೆರೆದ ಬಾಗಿಲೇ. ಸ್ವಾಧ್ಯಾಯ ಎಂಬ ನಿಯಮಕ್ಕೆ ಗ್ರಂಥ ಓದುವುದು ಎಂದು ಒಂದು ಅರ್ಥ, ತನ್ನನ್ನು ತಾನು ಓದಿಕೊಳ್ಳುವುದು ಎಂದು ಇನ್ನೊಂದು. ತನ್ನ ಕೈ ಎಲ್ಲಿದೆ ಎಂದು ನೋಡಿಕೊಳ್ಳುವ ಶಿಕ್ಷಕ ಆ ಎರಡನೆಯ ಓದಿನಲ್ಲಿರುತ್ತಾನೆ.

ಮುಂದಿನ ಜೂನ್ 21ಕ್ಕೆ ಇನ್ನೂ ಸಮಯವಿದೆ. ಸರ್ಕಾರದ ಸಾಮಾನ್ಯ ಯೋಗ ಶಿಷ್ಟಾಚಾರ 45 ನಿಮಿಷದ್ದು. ಕ್ಯಾತಗಾನಚೆರ್ಲಿನ ಶಾಲೆಯ ಅಂಗಳದಲ್ಲಿ ಆ ಬೆಳಿಗ್ಗೆ ಮಕ್ಕಳ ಚಾಪೆಗಳ ಪಕ್ಕದಲ್ಲಿ, ಬೇವಿನ ಮರದ ನೆರಳಿಗೆ, ಬೆನ್ನು ಬಗ್ಗದ ಅಜ್ಜಿಯರಿಗೆಂದು ನಾಲ್ಕು ಕುರ್ಚಿ ಹಾಕಿಸಿ. ಕುರ್ಚಿ ಎಲ್ಲಿಂದ ತರುವುದು ಎಂದರೆ ಶಾಮಿಯಾನದವನ ಬಳಿ ಬೇಕಾದಷ್ಟು ಇರುತ್ತವೆ. ಆ ದಿನ ವೇದಿಕೆಯ ಮೇಲೆ ಗಣ್ಯರಿಗೆಂದು ಹಾಕುವ ಸಾಲಿನಿಂದಲೇ ನಾಲ್ಕು ಇಳಿಸಿದರೂ ಆದೀತು.